ಒಳಜೇಬಿನ ನೀಲಿ ಪುಸ್ತಕ

ಪ್ರೀತಿಯ ರಾಘು,

ಮೊದಲೇ ಹೇಳಿಬಿಡುತ್ತೇನೆ, ಛತ್ರಿ ಒಯ್ದಿದ್ದೆ. ಈ ಸಲ ಎರಡು. ನಗುವುದಿದ್ದರೆ ಈಗಲೇ ನಕ್ಕುಬಿಡು.

ಹೋದ ವಾರ ತ್ಸುಗ್‌ಸ್ಪಿಟ್ಸೆ ಹತ್ತಿದೆ. 2,962 ಮೀಟರ್, ಜರ್ಮನಿಯ ಅತಿ ಎತ್ತರದ ಶಿಖರ. ಆಸ್ಟ್ರಿಯಾದ ಗಡಿ ಅದರ ನೆತ್ತಿಯ ಮೇಲೇ ಹಾದುಹೋಗುತ್ತದೆ. ಗಾರ್ಮಿಷ್‌ನಿಂದ ಪಾರ್ಟ್‌ನಾಖ್ ಕಮರಿ ದಾಟಿ ರೈನ್‌ಟಾಲ್ ಕಣಿವೆ ಹಿಡಿದರೆ ಸುಮಾರು 21 ಕಿಲೋಮೀಟರ್. ಕೊನೆಯಲ್ಲಿ ಜಲ್ಲಿಯ ಇಳಿಜಾರು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರುತ್ತದೆ. ಉಕ್ಕಿನ ಹಗ್ಗ ಹಿಡಿದು ಏದುಸಿರು ಬಿಡುತ್ತ ತುದಿ ಮುಟ್ಟಿದರೆ, ರೋಪ್‌ವೇಯಲ್ಲಿ ಬಂದವರು ಚಪ್ಪಲಿ ಮೆಟ್ಟಿಕೊಂಡು ಸಾಸೇಜ್ ತಿನ್ನುತ್ತಿದ್ದರು!

ಅಲ್ಲಿನ ಬಿಳಿಬೂದು ಸುಣ್ಣಕಲ್ಲನ್ನು ನೀನು ನೋಡಬೇಕಿತ್ತು. ಸುಮಾರು 24 ಕೋಟಿ ವರ್ಷಗಳ ಹಿಂದೆ, ಬೆಚ್ಚಗಿನ ಆಳವಿಲ್ಲದ ಕಡಲಿನಲ್ಲಿ ಪಾಚಿ, ಸ್ಪಂಜು, ಹವಳಗಳ ಸುಣ್ಣ ಕೂಡಿ ಆದದ್ದು. ಆಮೇಲೆ ಭೂಫಲಕಗಳ ಒತ್ತಡಕ್ಕೆ ತನ್ನ ತಳದಿಂದ ಕಳಚಿಕೊಂಡು, ಎಳೆದ ಚಾಪೆಯಂತೆ ಸುಕ್ಕುಗಟ್ಟಿ, ದಕ್ಷಿಣದಿಂದ ಬಂದು ಬೇರೆಯವರ ಕಲ್ಲುಗಳ ಮೇಲೆ ಕುಳಿತಿದೆ. ನಾವು ಕಡಲೆಕಾಯಿ ಸಿಪ್ಪೆ ಚೆಲ್ಲುತ್ತಿದ್ದ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಇದು ಹಸುಗೂಸು. ಲಾಲ್‌ಬಾಗ್ ಬಂಡೆ ಅಲುಗಿಲ್ಲ ಎಂದು ಬೀಗಬೇಡ, ಅದೂ ಇಡೀ ಭೂಖಂಡದೊಂದಿಗೆ ತೇಲಿಕೊಂಡು ಬಂದದ್ದೇ.

ಜರ್ಮನಿಯ ಕಟ್ಟೆಯಿಂದ ಆಸ್ಟ್ರಿಯಾದ ಟಿರೋಲ್‌ನ ಕಟ್ಟೆಗೆ ಕಾಲಿಟ್ಟೆ. ಯಾರೂ ಏನೂ ಕೇಳಲಿಲ್ಲ. ಆದರೂ ನನ್ನ ಕೈ ತಾನಾಗಿಯೇ ಒಳಜೇಬಿಗೆ ಹೋಯಿತು, ಪಾಸ್‌ಪೋರ್ಟ್ ಇದೆಯೇ ಎಂದು. ಮ್ಯೂನಿಕ್‌ನಲ್ಲಿ ಒಂಬತ್ತು ವರ್ಷ ಕಳೆದ ಮೇಲೂ!

ರಾಘು, ಪೌರತ್ವದ ಅರ್ಜಿ ನನ್ನ ಮೇಜಿನ ಖಾನೆಯಲ್ಲಿದೆ. ಎಲ್ಲ ತುಂಬಿಯಾಗಿದೆ, ಸಹಿಯೊಂದು ಬಾಕಿ. 2024ರಿಂದ ಜರ್ಮನಿ ಹಳೆಯ ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ, ನಮ್ಮ ಕಾನೂನು ಬಿಡುವುದಿಲ್ಲ. ಆ ನೀಲಿ ಪುಸ್ತಕವನ್ನು ಒಪ್ಪಿಸಬೇಕು. ಊರಿನ ಮೇಲಿನ ಪ್ರೀತಿಗೆ ಕೈ ತಡೆಯುತ್ತಿದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಅಮ್ಮನಿಗೆ ಹೇಳಬೇಕಲ್ಲ ಎಂಬ ಹೆದರಿಕೆ, ಅಷ್ಟೇ. ಆ ಹೆದರಿಕೆ ಇಲ್ಲದಿದ್ದರೆ ಎಂದೋ ಸಹಿ ಹಾಕಿರುತ್ತಿದ್ದೆ. ಇದು ತಿಳಿದಾಗ ಗಡಿಯ ಗೆರೆಯ ಮೇಲೆ ನಿಂತಿದ್ದೆ, ಅಳು ಕೂಡ ಬರಲಿಲ್ಲ.

ಊರೆಲ್ಲ ಓದುವ ಕಡೆ ಇದನ್ನೇಕೆ ಬರೆದೆನೋ! ಅಮ್ಮನಿಗೆ ನನ್ನ ಬರಹಗಳನ್ನು ಮೊಬೈಲಿನಲ್ಲಿ ಓದಿ ಹೇಳುವವನು ನೀನೇ ತಾನೆ? ಈ ಸಲ ಲಾಲ್‌ಬಾಗ್ ಬಂಡೆಯವರೆಗೆ ಓದಿ, ನೆಟ್‌ವರ್ಕ್ ಹೋಯಿತು ಎಂದುಬಿಡು. ಛತ್ರಿಯ ವಿಷಯ ಬೇಕಾದರೆ ಎರಡು ಸಲ ಓದು.

ಅಂದ ಹಾಗೆ, ಇಳಿದದ್ದು ಹಲ್ಲುಚಕ್ರದ ರೈಲಿನಲ್ಲಿ. ಅದನ್ನೂ ಹೇಳಬೇಡ.

ನಿನ್ನವನೇ,
ಎರಡು ಛತ್ರಿಯವನು