ನಿನ್ನೆ ಮಾಡಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳೋದು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹ್ಯಾಂಡ್‌ಓವರ್ ಕೊಡೋದೇ, ಅಂದರೆ ಮುಂದಿನ ನರ್ಸ್‌ಗೆ ರೋಗಿಗಳ ವಿಷಯ ಒಪ್ಪಿಸೋದೇ ಕಷ್ಟ ಅಂದೆಯಲ್ಲ, ಅದನ್ನೇ ಯೋಚಿಸುತ್ತಿದ್ದೆ. ರೋಗಿಗೆ ಏನೇನು ಮಾಡಿದೆ ಅಂತ ಕನ್ನಡದಲ್ಲಿ ಕೇಳಿದರೆ ಪಟಪಟ ಹೇಳುತ್ತೀಯ. ಇಂಗ್ಲಿಷ್‌ನಲ್ಲಿ ಕೇಳಿದರೆ "ಐ" ಅಂದು ನಿಂತುಬಿಡುತ್ತೀಯ. ನಿನ್ನ ಕೆಲಸದಲ್ಲಿ ಈ ಮಾತು ಸರಿಯಾಗಿ ಬರಲೇಬೇಕು. ಔಷಧಿ ಕೊಟ್ಟಾಗಿದೆಯೋ, ಕೊಡುತ್ತಿದ್ದೆಯೋ ಅನ್ನೋದು ಮುಂದಿನ ನರ್ಸ್‌ಗೆ ಅನುಮಾನವಿಲ್ಲದೆ ತಿಳಿಯಬೇಕು. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಭಾಷೆ ನೋಡು. "ಹೋದೆ" ಅಂದರೆ ಸಾಕು, ಹೋದದ್ದು ನಾನು ಅಂತ ಗೊತ್ತಾಗುತ್ತದೆ. ಕೊನೆಯ "ಎ"ಯಲ್ಲೇ "ನಾನು" ಕೂತಿದೆ. ("ನೀನು ಹೋದೆ" ಅನ್ನುವಾಗಲೂ ಅದೇ "ಎ", ಆದರೆ ಯಾರು ಅಂತ ಮಾತಿನ ಸಂದರ್ಭದಲ್ಲೇ ತಿಳಿಯುತ್ತದೆ.) ಹೋದೆ, ಹೋದೆವು, ಹೋದಳು, ಹೋದರು ಅಂತ ಕ್ರಿಯಾಪದದ ಬಾಲವೇ ಬದಲಾಗುತ್ತದೆ. ಲ್ಯಾಟಿನ್ ಭಾಷೆಯೂ ಹೀಗೇ. ಕ್ರಿ.ಪೂ. 47ರಲ್ಲಿ ಈಗಿನ ಟರ್ಕಿಯ ಝೇಲಾ ಅನ್ನೋ ಕಡೆ ಗೆದ್ದ ರೋಮ್‌ನ ಸೇನಾಪತಿ ಜೂಲಿಯಸ್ ಸೀಸರ್ "ವೇನಿ, ವಿಡಿ, ವಿಚಿ" ಅಂದನಂತೆ. ಮೂರೇ ಪದ. ಕನ್ನಡದಲ್ಲೂ ಮೂರೇ: ಬಂದೆ, ನೋಡಿದೆ, ಗೆದ್ದೆ. ಇಂಗ್ಲಿಷ್‌ನವರಿಗೆ ಆರು ಪದ ಬೇಕಾಯಿತು: "ಐ ಕೇಮ್, ಐ ಸಾ, ಐ ಕಾಂಕರ್ಡ್". ನಡೆದುಹೋದ ಕಾಲದಲ್ಲಿ ಅವರ ಕ್ರಿಯಾಪದಕ್ಕೆ ಯಾರು ಅಂತ ಹೇಳೋ ಬಾಲವಿಲ್ಲ. ಐ ವೆಂಟ್, ವಿ ವೆಂಟ್, ಶಿ ವೆಂಟ್, ದೇ ವೆಂಟ್, ಎಲ್ಲರಿಗೂ ಅದೇ "ವೆಂಟ್". ಹಾಗಾಗಿ ಹೋದದ್ದು ಯಾರು ಅಂತ ಮುಂದೆಯೇ ಹೇಳಬೇಕು, "ಐ" ಬಿಡೋ ಹಾಗಿಲ್ಲ. ಬದಲಾಗೋದು ಒಂದೇ ಕ್ರಿಯಾಪದ: ಐ ವಾಸ್, ಶಿ ವಾಸ್, ಆದರೆ ವಿ ವರ್, ಯು ವರ್, ದೇ ವರ್. ಇದೊಂದನ್ನು ಬಾಯಿಪಾಠ ಮಾಡಿಕೋ. ವಾರ್ಡಿನ ದಾಖಲೆಯಲ್ಲಿ ಮಾತ್ರ "ಬಿಪಿ ಚೆಕ್ಡ್" ಅಂತ "ಐ" ಇಲ್ಲದೆ ಬರೆಯೋದುಂಟು. ಕೆಳಗೆ ಸಹಿ ಇರುತ್ತದಲ್ಲ, ಯಾರು ಅಂತ ಅದೇ ಹೇಳುತ್ತದೆ.

"ಐ ಡಿಡ್ ನಾಟ್ ಗೇವ್" ಅಂತ ನನ್ನ ಕ್ಲಾಸಿನ ಮಕ್ಕಳು ಬರೆಯುತ್ತಲೇ ಇರುತ್ತಾರೆ. "ಡಿಡ್" ಬಂದ ಕೂಡಲೇ ನಡೆದುಹೋದ ಕಾಲ ಅದರೊಳಗೆ ಬಂದಾಯಿತು. ಆಮೇಲೆ ಬರೋದು ಬರೀ "ಗಿವ್". ಐ ಡಿಡ್ ನಾಟ್ ಗಿವ್, ಡಿಡ್ ಐ ಗಿವ್? ನಮ್ಮಲ್ಲೂ ಇಂಥದ್ದೇ ಇದೆ. "ಕೊಟ್ಟೆ" ಅನ್ನುವಾಗ ಬಾಲ ಇದೆ, "ಕೊಡಲಿಲ್ಲ" ಅಂದ ಕೂಡಲೇ ಬಾಲ ಮಾಯ. ನಾನು ಕೊಡಲಿಲ್ಲ, ಅವಳು ಕೊಡಲಿಲ್ಲ, ಅವರು ಕೊಡಲಿಲ್ಲ, ಎಲ್ಲರಿಗೂ ಒಂದೇ. ಇಲ್ಲಿ ಮಾತ್ರ ಎರಡೂ ಭಾಷೆ ಅಕ್ಕಪಕ್ಕದಲ್ಲೇ ನಡೆಯುತ್ತವೆ, ನನಗೆ ಬಹಳ ಇಷ್ಟವಾದ ಜಾಗ ಇದು.

ಈಗ ಉದ್ದದ ವಾಕ್ಯ. ನೀನು ಕನ್ನಡದಲ್ಲಿ ಹೀಗೆ ಹೇಳುತ್ತೀಯ: "ಚಾರ್ಟ್ ನೋಡಿ, ಕೈ ತೊಳೆದು, ಡ್ರೆಸ್ಸಿಂಗ್ ಬದಲಿಸಿ, ಸಿಸ್ಟರ್‌ಗೆ ತಿಳಿಸಿದೆ." ನಾಲ್ಕು ಕೆಲಸ. ಆದರೆ ಕಾಲ ಮತ್ತು "ನಾನು" ಎರಡೂ ಇರೋದು ಕೊನೆಯ ಒಂದೇ ಪದದಲ್ಲಿ. ನೋಡಿ, ತೊಳೆದು, ಬದಲಿಸಿ ಅನ್ನೋವೆಲ್ಲ ಆ ಕೊನೆಯ ಪದಕ್ಕೆ ಕಾಯುತ್ತವೆ. ಇಂಗ್ಲಿಷ್‌ನಲ್ಲಿ "ಐ" ಒಂದೇ ಸಲ, ಮೊದಲಲ್ಲಿ. ಆದರೆ ಪ್ರತಿ ಕ್ರಿಯಾಪದವೂ ತಾನೇ ಕಾಲವನ್ನು ಹೇಳಬೇಕು: "ಐ ರೆಡ್ ದ ಚಾರ್ಟ್, ವಾಶ್ಡ್ ಮೈ ಹ್ಯಾಂಡ್ಸ್, ಚೇಂಜ್ಡ್ ದ ಡ್ರೆಸ್ಸಿಂಗ್ ಆ್ಯಂಡ್ ಇನ್‌ಫಾರ್ಮ್ಡ್ ದ ಸಿಸ್ಟರ್." ನೀನು ತಡವರಿಸೋದು ಇಲ್ಲೇ ಅಂತ ನನಗೆ ಅನಿಸುತ್ತದೆ. ಮನಸ್ಸು ಕೊನೆಯ ಪದಕ್ಕೆ ಕಾಯುತ್ತಿರುತ್ತದೆ, ಇಂಗ್ಲಿಷ್ ಮೊದಲ ಪದದಲ್ಲೇ ಎಲ್ಲ ಕೇಳುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ್ಟ ವಾಕ್ಯ ಮಾಡು. ಐ ರೆಡ್ ದ ಚಾರ್ಟ್. ಐ ವಾಶ್ಡ್ ಮೈ ಹ್ಯಾಂಡ್ಸ್. ಕೇಳೋಕೆ ಏನೂ ಕೆಟ್ಟದಾಗಿರಲ್ಲ. ಹ್ಯಾಂಡ್‌ಓವರ್‌ಗೆ ಅದೇ ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. "ಹೋದ ವಾರ ಮೈಸೂರಿಗೆ ಹೋಗಿದ್ದೆ" ಅನ್ನುತ್ತೇವೆ ನಾವು. ಹೋಗಿ ಬಂದಾಯಿತು ಅನ್ನೋ ಭಾವ ಅದರಲ್ಲಿದೆ. ಅದೇ ಅಚ್ಚಿನಲ್ಲಿ ಇಂಗ್ಲಿಷ್ ಆಡಿದರೆ "ಐ ಹ್ಯಾಡ್ ಗಾನ್ ಟು ಮೈಸೂರು" ಆಗುತ್ತದೆ. ನಮ್ಮ ಕಡೆ ಎಲ್ಲರೂ ಹೀಗೇ ಅನ್ನೋದು. ಆದರೆ "ಹ್ಯಾಡ್" ಕೇಳಿದ ಇಂಗ್ಲಿಷಿನವರು ಇನ್ನೊಂದು ಘಟನೆಗೆ ಕಾಯುತ್ತಾರೆ. ಹೋಗಿದ್ದೆ, ಸರಿ, ಯಾವುದಕ್ಕಿಂತ ಮೊದಲು? ಮುಂದೆ ಇನ್ನೇನೂ ಹೇಳೋದಿಲ್ಲವಾದರೆ "ಐ ವೆಂಟ್" ಸಾಕು. ಈ ಮೂರು ವಾಕ್ಯ ಬರೆದಿಟ್ಟುಕೋ:

"ವೆನ್ ದ ಡಾಕ್ಟರ್ ಕೇಮ್, ಐ ಹ್ಯಾಡ್ ಗಿವನ್ ದ ಇಂಜೆಕ್ಷನ್." ಡಾಕ್ಟರ್ ಬರೋ ಹೊತ್ತಿಗೆ ಕೊಟ್ಟು ಮುಗಿದಿತ್ತು.

"ವೆನ್ ದ ಡಾಕ್ಟರ್ ಕೇಮ್, ಐ ವಾಸ್ ಗಿವಿಂಗ್ ದ ಇಂಜೆಕ್ಷನ್." ಕೊಡುತ್ತಾ ಇದ್ದೆ.

"ವೆನ್ ದ ಡಾಕ್ಟರ್ ಕೇಮ್, ಐ ಗೇವ್ ದ ಇಂಜೆಕ್ಷನ್." ಬಂದ ಮೇಲೆ ಕೊಟ್ಟೆ.

ಡಾಕ್ಟರ್ ಅದೇ, ಇಂಜೆಕ್ಷನ್ ಅದೇ, ಆದರೆ ಮೂರು ಬೇರೆ ಬೇರೆ ಸಂಗತಿ. ರೋಗಿ ವಾಂತಿ ಮಾಡಿಕೊಳ್ಳೋಕೆ ಮೊದಲು ಮಾತ್ರೆ ಕೊಟ್ಟಿದ್ದೆಯೋ, ಆಮೇಲೆ ಕೊಟ್ಟೆಯೋ ಅನ್ನೋದು ಇಂಥ ಒಂದು "ಹ್ಯಾಡ್" ಮೇಲೆ ನಿಂತಿರಬಹುದು. ಇದಕ್ಕೆ ಹತ್ತಿರದ ಇನ್ನೊಂದು ಇದೆ. ಬರೀ "ಕೊಟ್ಟಿದ್ದೇನೆ" ಅನ್ನೋದಾದರೆ "ಐ ಹ್ಯಾವ್ ಗಿವನ್" ಸರಿ. ಗಂಟೆ ಹೇಳಿದೆಯೋ, "ಹ್ಯಾವ್" ಬಿಡಬೇಕು: "ಐ ಗೇವ್ ಇಟ್ ಅಟ್ ಟೆನ್." ಕನ್ನಡದಲ್ಲಿ "10 ಗಂಟೆಗೆ ಕೊಟ್ಟಿದ್ದೇನೆ" ಅನ್ನಬಹುದು, ಅವರಲ್ಲಿ ಆಗಲ್ಲ.

"ಹೋಗುತ್ತಿದ್ದೆ" ಕೂಡ ಎರಡು ಕೆಲಸ ಮಾಡುವ ಪದ. ಆ ಗಳಿಗೆಯಲ್ಲಿ ಹೋಗ್ತಾ ಇದ್ದೆ ಅಂತಲೂ ಹೌದು, ಆಗೆಲ್ಲ ದಿನಾ ಹೋಗುತ್ತಿದ್ದೆ ಅಂತಲೂ ಹೌದು. ಮೊದಲನೆಯದಕ್ಕೆ "ಐ ವಾಸ್ ಗೋಯಿಂಗ್". ಎರಡನೆಯದಕ್ಕೆ "ಐ ಯೂಸ್ಡ್ ಟು ಗೋ". ಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕತೆ ಹೇಳುವಾಗ ಎರಡನೆಯದು.

ಹಸಿವು, ನೆನಪು, ಭಯ ಎಲ್ಲ ಕನ್ನಡದಲ್ಲಿ ನಮಗೆ ಬಂದು ಆಗುತ್ತವೆ. ನನಗೆ ನೆನಪಾಯಿತು, ನನಗೆ ಗೊತ್ತಿತ್ತು, ನನಗೆ ಭಯವಾಯಿತು. ಇಂಗ್ಲಿಷ್‌ನಲ್ಲಿ ಅವಕ್ಕೂ "ಐ"ಯೇ ಮುಂದೆ: ಐ ರಿಮೆಂಬರ್ಡ್, ಐ ನ್ಯೂ, ಐ ವಾಸ್ ಅಫ್ರೇಡ್. "ಟು ಮಿ" ಅಂತ ಶುರು ಮಾಡಬೇಡ.

ರೋಗಿ ಹೇಳಿದ ಮಾತು ತಿಳಿಸುವಾಗ ಇನ್ನೂ ಹುಷಾರಾಗಿರಬೇಕು. "ನನಗೆ ತಲೆ ಸುತ್ತುತ್ತೆ ಅಂದರು" ಅಂತ ನಾವು ಅವರ ಮಾತನ್ನು ಹಾಗೇ ಇಟ್ಟುಬಿಡುತ್ತೇವೆ, "ಅಂತ" ಅಥವಾ "ಅಂದರು" ಎಲ್ಲ ನೋಡಿಕೊಳ್ಳುತ್ತದೆ. ಅದನ್ನೇ "ಹಿ ಸೆಡ್ ಐ ಆ್ಯಮ್ ಫೀಲಿಂಗ್ ಗಿಡ್ಡಿ" ಅಂದರೆ ತಲೆ ಸುತ್ತಿದ್ದು ನಿನಗೆ ಅಂತಾಗುತ್ತದೆ. "ಹಿ ಸೆಡ್ ಹಿ ವಾಸ್ ಫೀಲಿಂಗ್ ಗಿಡ್ಡಿ" ಅನ್ನು. ಒಳಗಿನ ಮಾತೂ ಒಂದು ಹೆಜ್ಜೆ ಹಿಂದಿನ ಕಾಲಕ್ಕೆ ಹೋಯಿತು, ನೋಡು. "ಮಲಗಿದ್ದಾರೆ ಅಂದುಕೊಂಡೆ" ಅನ್ನೋದಕ್ಕೆ "ಐ ಥಾಟ್ ಹಿ ವಾಸ್ ಸ್ಲೀಪಿಂಗ್". "ವಾಪಸ್ ಬರ್ತೀನಿ ಅಂದೆ" ಅನ್ನೋದಕ್ಕೆ "ಐ ಸೆಡ್ ಐ ವುಡ್ ಕಮ್ ಬ್ಯಾಕ್". "ವಿಲ್" ಹೋಗಿ "ವುಡ್" ಬಂತು.

ಉಚ್ಚಾರದ ವಿಷಯ ಸುಲಭ. ಮೂಲ ಪದ ಟ್ ಅಥವಾ ಡ್ ಶಬ್ದದಲ್ಲಿ ಮುಗಿದರೆ ಮಾತ್ರ ಕೊನೆಯಲ್ಲಿ "ಇಡ್" ಅಂತ ಬಿಡಿಸಿ ಅನ್ನೋದು, ನೋಟಿಡ್, ಆ್ಯಡಿಡ್ ಅನ್ನೋ ಹಾಗೆ. ಕ್ಲೀನ್ಡ್, ಕಾಲ್ಡ್ ಇವಕ್ಕೆ ಬರೀ ಡ್. ಚೆಕ್, ವಾಶ್, ಹೆಲ್ಪ್ ಇವುಗಳಲ್ಲಿ ಅದು ಟ್ ಥರಾನೇ ಕೇಳುತ್ತದೆ. "ಹೆಲ್ಪೆಡ್" ಅಂತ ಎಳೆಯಬೇಡ. ಗೇವ್, ಟುಕ್, ಸಾ, ಫೌಂಡ್, ಟೋಲ್ಡ್ ಇಂಥವಕ್ಕೆ ನಿಯಮವಿಲ್ಲ, ಬಳಸಿ ಬಳಸಿಯೇ ಬರಬೇಕು. ದಿನಾ ಬಾಯಲ್ಲಿ ಓಡಾಡೋ ಹಳೇ ಪದಗಳೇ ಹೀಗೆ ನಿಯಮ ತಪ್ಪಿಸಿಕೊಂಡು ಉಳಿದಿವೆ. "ವೆಂಟ್" ಅಂತೂ ಮೊದಲು "ಗೋ" ಮನೆಯದೇ ಅಲ್ಲ, "ವೆಂಡ್" ಅನ್ನೋ ಬೇರೆ ಕ್ರಿಯಾಪದದ್ದು.

ಭಾನುವಾರ ಫೋನ್ ಮಾಡಿದಾಗ ಆವತ್ತಿನ ಡ್ಯೂಟಿಯನ್ನು ಇಂಗ್ಲಿಷ್‌ನಲ್ಲೇ ನನಗೆ ಒಪ್ಪಿಸು. ರೋಗಿಯ ಹೆಸರು ಬೇಡ. ಏನು ಮಾಡಿದೆ, ಏನು ಮಾಡಲಿಲ್ಲ, ಡಾಕ್ಟರ್ ಬಂದಾಗ ಏನು ಮಾಡುತ್ತಿದ್ದೆ, ಇಷ್ಟು ಹೇಳು. ತಡವರಿಸಿದರೂ ನಾನು ಮಧ್ಯೆ ಬಾಯಿ ಹಾಕಲ್ಲ, ಮುಗಿದ ಮೇಲೆ ಮಾತಾಡೋಣ. ನೈಟ್ ಡ್ಯೂಟಿ ಇದ್ದರೆ ಮೊದಲು ನಿದ್ದೆ ಮಾಡು, ಸಂಜೆ ಫೋನ್ ಮಾಡಿದರೆ ಸಾಕು.

ಪ್ರೀತಿಯಿಂದ,
ಅಮ್ಮ