ಫ್ಲಿಕ್ ಒಂದನ್ನೇ ನಂಬಿ ಹೋಗಬೇಡ

ಸೋಮವಾರಪೇಟೆ

ಚಿ. ಧನುಷನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಜೂನಿಯರ್ ಹಾಕಿ ಶಿಬಿರಕ್ಕೆ ನಿನ್ನ ಹೆಸರು ಬಂದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ನಿನ್ನ ಡ್ರ್ಯಾಗ್ ಫ್ಲಿಕ್ಕಿನದೇ, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿ ಎಳೆದು ಗೋಲಿಗೆ ಎಸೆಯುವ ಆ ಹೊಡೆತದ್ದೇ ಮಾತು. ನನಗೆ ಯೋಚನೆ ಹತ್ತಿರುವುದೂ ಅದರದ್ದೇ. ಒಲಿಂಪಿಕ್ಸ್‌ಗೆ ಹೋಗುವ ತಂಡದಲ್ಲಿ 16 ಜನ, ಅದರಲ್ಲಿ ಒಂದು ಜಾಗ ಗೋಲ್‌ಕೀಪರನದ್ದು. ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮಾತ್ರ ಕೆಲಸಕ್ಕೆ ಬರುವವನನ್ನು ಯಾವ ಕೋಚ್ ಕರೆದುಕೊಂಡು ಹೋಗುತ್ತಾನೆ ಹೇಳು? ನಮ್ಮ ಕೊಡಗಿನ ವಿ.ಆರ್. ರಘುನಾಥ್ ಆಗಲಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದ ಹರ್ಮನ್‌ಪ್ರೀತ್ ಸಿಂಗ್ ಆಗಲಿ, ಫ್ಲಿಕ್ಕಿಗೆ ಹೆಸರಾದರೂ ಹಿಂದೆ ನಿಂತು ಆಡಿದ ಡಿಫೆಂಡರ್‌ಗಳು. ನೀನೂ ಆ ಲೆಕ್ಕದಲ್ಲೇ ತಯಾರಾಗು.

ಬೆಂಗಳೂರಿನ ಸಾಯ್‌ನಲ್ಲಿ (ಭಾರತೀಯ ಕ್ರೀಡಾ ಪ್ರಾಧಿಕಾರ) ಮೊದಲು ನೋಡುವುದು ನೀನು ಚೆಂಡು ಹಿಡಿಯುವುದನ್ನು. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಜಾರಿಕೊಂಡು ಬರುತ್ತದೆ. ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸಿದರೆ ಪುಟಿದು ಎದುರಾಳಿಯ ಕಾಲಿಗೆ ಹೋಗುತ್ತದೆ. ಹಿಡಿ ಮುಂದಕ್ಕೆ ಬಾಗಿರಲಿ, ಎಡಗೈ ಮುಂದಿರಲಿ, ಬಲಗೈ ಸಡಿಲವಾಗಿರಲಿ. ಚೆಂಡು ಒಂದು ಹೆಜ್ಜೆಯೊಳಗೆ ಸತ್ತು ಬೀಳಬೇಕು, ಆ ಹೊತ್ತಿಗೆ ಮುಂದಿನ ಪಾಸ್ ಎಲ್ಲಿಗೆಂದು ನೋಡಿ ಆಗಿರಬೇಕು. ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ, ಕಾಲಿಗಿಂತ ಮೊದಲು ಸ್ಟಿಕ್ ಇಡುವ ಅಭ್ಯಾಸ ಮಾಡಿಕೋ. ಪಾದಕ್ಕೆ ತಾಗಿದರೆ ಅವರಿಗೆ ಕಾರ್ನರ್ ನೀನೇ ಕೊಟ್ಟಂತೆ.

ಇನ್ನು ಫ್ಲಿಕ್. ಚೆಂಡು ಬಲಗಾಲಿನ ಹಿಂದಿರುವಾಗಲೇ ಸ್ಟಿಕ್ ಅದಕ್ಕೆ ಅಂಟಬೇಕು. ಎಡಗಾಲು ಉದ್ದಕ್ಕೆ ಬಿದ್ದು ಊರಿದ ಮೇಲೆ ಸೊಂಟ ತಿರುಗಬೇಕು, ಅದರ ಬೆನ್ನಿಗೆ ಭುಜ, ಕಟ್ಟಕಡೆಗೆ ಮಣಿಕಟ್ಟು. ಎಡಗಾಲು ಚೆಂಡಿನ ಪಕ್ಕದಲ್ಲೇ ಬಿದ್ದರೆ ಎಳೆಯಲು ಜಾಗ ಸಾಲದೆ ಬರೀ ತೋಳಿನ ಬಲದಲ್ಲಿ ಎಸೆಯುತ್ತೀ. ಆಗ ವೇಗವೂ ಬರುವುದಿಲ್ಲ, ಬೆನ್ನೂ ಹಿಡಿಯುತ್ತದೆ. ಸೊಂಟ ಬೇಗ ಮೇಲೆದ್ದರೆ ಚೆಂಡು ಕ್ರಾಸ್‌ಬಾರ್ ಮೇಲೆ. ಓಡಿಬರುವ ಡಿಫೆಂಡರ್ 5 ಮೀಟರ್ ಒಳಗಿದ್ದು, ಚೆಂಡು ಅವನ ಮೊಣಕಾಲಿಗೋ ಅದರ ಮೇಲಕ್ಕೋ ಬಡಿದರೆ ಫ್ರೀ ಹಿಟ್ ಅವರಿಗೆ. ಅವನು ಯಾವ ಕಡೆಯಿಂದ ಬರುತ್ತಾನೆಂದು ಮೊದಲ ಕಾರ್ನರ್‌ನಲ್ಲೇ ನೋಡಿಟ್ಟುಕೋ. ವಾರಕ್ಕೆ ಮೂರು ದಿನ, ದಿನಕ್ಕೆ 40 ಫ್ಲಿಕ್ ಸಾಕು. ಬೆನ್ನಿನ ಕೆಳಗೆ ಒಂದೇ ಬದಿಯಲ್ಲಿ ನೋವು ಕಾಣಿಸಿಕೊಂಡು ಬಿಡದಿದ್ದರೆ ಫಿಸಿಯೋಗೆ ಹೇಳು. ತಂಡದಿಂದ ಬಿಟ್ಟುಬಿಡುತ್ತಾರೆ ಅಂತ ಮುಚ್ಚಿಟ್ಟ ಹುಡುಗರೇ ಕೊನೆಗೆ ಇಡೀ ಸೀಸನ್ ಕಳೆದುಕೊಳ್ಳುವುದು.

ಸ್ಟಿಕ್ಕಿನ ಬಾಗು 25 ಮಿ.ಮೀ. ಮೀರುವಂತಿಲ್ಲ, ಅದು ನಿನಗೂ ಗೊತ್ತು. ಬಾಗು ಕೆಳಗಿದ್ದಷ್ಟೂ ಫ್ಲಿಕ್ ಸಲೀಸು, ಆದರೆ ಅದೇ ಸ್ಟಿಕ್ಕಿನಲ್ಲಿ ಜೋರಾಗಿ ಹಿಟ್ ಹೊಡೆದರೆ ಚೆಂಡು ಏಳುತ್ತದೆ. ಹಿಂದಿನಿಂದ ಆಡುವವನಿಗೆ ಅದು ಆಗಿಬರುವುದಿಲ್ಲ. ಸ್ವಲ್ಪ ಮೇಲೆ ಬಾಗಿದ್ದನ್ನು ತಗೊಂಡು, ಎರಡನ್ನೂ ಅದರಲ್ಲೇ ಕಲಿ. ಒಂದೇ ಥರದವು ಎರಡಿರಲಿ.

ಕಾರ್ಡ್ ವಿಷಯ. ಹಸಿರಿಗೆ 2 ನಿಮಿಷ, ಹಳದಿಗೆ ಕಮ್ಮಿಯೆಂದರೆ 5 ನಿಮಿಷ ಹೊರಗೆ. ಕೆಂಪಿನ ಕಥೆ ಪ್ಯಾರಿಸ್‌ನಲ್ಲಿ ನೋಡಿದ್ದೀಯಲ್ಲ. 2024ರ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್ ಅವರ ಸ್ಟಿಕ್ ಬ್ರಿಟನ್ ಆಟಗಾರನ ಮುಖಕ್ಕೆ ತಗುಲಿ, 17ನೇ ನಿಮಿಷಕ್ಕೇ ಹೊರನಡೆದರು. ಉಳಿದ ಹತ್ತು ಜನ 1-1ರಲ್ಲಿ ತಡೆದು ಶೂಟೌಟ್ ಗೆದ್ದರು, ಸರಿ. ಸೆಮಿಫೈನಲ್‌ಗೆ ಮಾತ್ರ ರೋಹಿದಾಸ್ ನಿಷೇಧದಲ್ಲಿ ಕೂತರು, ಜರ್ಮನಿ 3-2ರಿಂದ ಗೆದ್ದಿತು. ಕಾರ್ನರ್ ತಡೆಯಲು ಮೊದಲು ಓಡುತ್ತಿದ್ದವರೂ ಅವರೇ. ಒಬ್ಬ ಹೋದರೆ ಎರಡು ಕೆಲಸ ನಿಂತವು. ಆ ಕಾರ್ಡ್ ಸರಿಯೋ ತಪ್ಪೋ ಅನ್ನುವ ಜಗಳ ಬೇರೆ, ನನ್ನ ಮಟ್ಟಿಗೆ ಅದು ಅತಿಯಾಯಿತು. ಚೆಂಡು ಆಡಿದ ಮೇಲೆ ಸ್ಟಿಕ್ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ನೀನೇ ಹೊಣೆ, ಅಷ್ಟು ಗೊತ್ತಿರಲಿ.

ಪಾಸ್‌ಪೋರ್ಟ್ ಅವಧಿ ಈಗಲೇ ನೋಡಿಕೋ, ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ವೀಸಾಕ್ಕೆ ತಕರಾರು.

ನೆಗಡಿಯಾದರೂ ಶಿಬಿರದ ಡಾಕ್ಟರಿಗೆ ತೋರಿಸದೆ ಮಾತ್ರೆ ನುಂಗಬೇಡ. ಕೆಲವು ನೆಗಡಿ ಮಾತ್ರೆಗಳಲ್ಲಿ ಸುಡೋಎಫೆಡ್ರಿನ್ ಇರುತ್ತದೆ, ಪಂದ್ಯದ ದಿನ ಮಿತಿ ಮೀರಿ ಸಿಕ್ಕರೆ ಅದು ಡೋಪಿಂಗೇ. ಒಳಗೇನಿದೆಯೆಂದು ಬರೆಯದ ಪುಡಿ, ಲೇಹ್ಯ ಯಾವುದೂ ಬೇಡ. ನಿನ್ನಮ್ಮ ಎರಡು ಡಬ್ಬಿ ಕಟ್ಟಿಟ್ಟಿದ್ದಳು, ನಾನೇ ತೆಗೆಸಿದ್ದೇನೆ. ಅವಳ ಸಿಟ್ಟು ಇನ್ನೂ ಇಳಿದಿಲ್ಲ, ತಲುಪಿದ ಕೂಡಲೇ ಒಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ