ಬೀಳದವನು ಸಿಕ್ಕರೆ ಏನು ಮಾಡ್ತೀಯ?

ಹಾಸನ

ಚಿ. ಪುಟ್ಟುವಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಬಾಕ್ಸಿಂಗ್ ವಿಡಿಯೊ ನೋಡಿದೆ. ಎದುರಿನ ಹುಡುಗ ಮೊದಲ ರೌಂಡಿನಲ್ಲೇ ಮಲಗಿದ, ಚಿಕ್ಕಮಗಳೂರಿನ ನಿನ್ನ ಗೆಳೆಯರೆಲ್ಲ ಶಿಳ್ಳೆ ಹೊಡೆದರು. ಪ್ರೊಫೆಶನಲ್ ಆಗ್ತೀನಿ ಅಂತ ಅದರ ಕೆಳಗೇ ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ನಿನ್ನ ಬಲಗೈಯಲ್ಲಿ ಗುದ್ದು ಇದೆ, ಎಷ್ಟು ಕಲಿಸಿದರೂ ಎಲ್ಲರಿಗೂ ಅದು ಬರುವಂಥದ್ದಲ್ಲ. ಆದರೆ ಆ ಗುದ್ದಿಗೆ ಮುಂಚಿನ ಹತ್ತು ಸೆಕೆಂಡನ್ನು ನಿಧಾನ ಮಾಡಿಕೊಂಡು ಮತ್ತೊಮ್ಮೆ ನೋಡು. ಮೂರು ಸಲ ಬಲಗೈ ಬೀಸಿದ್ದೀಯ, ಒಂದು ಸಲವೂ ಜ್ಯಾಬ್, ಅಂದರೆ ಮುಂದಿನ ಎಡಗೈಯ ಚುರುಕು ನೇರ ಗುದ್ದು, ಇಲ್ಲ. ಎಡಗೈ ಸೊಂಟದ ಹತ್ತಿರ ಇಳಿದಿದೆ, ಗಲ್ಲ ಮೇಲೆದ್ದಿದೆ. ಅವನು ಬಿದ್ದುಬಿಟ್ಟ, ಹಾಗಾಗಿ ಇದ್ಯಾವುದೂ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳದವನೊಬ್ಬ ಸಿಕ್ಕ ದಿನ ಎಲ್ಲವೂ ಒಟ್ಟಿಗೇ ಕಾಣಿಸುತ್ತೆ.

ನಿನ್ನ ಗೋಡೆಯ ಮೇಲೆ ಟೈಸನ್ ಚಿತ್ರ ಇದೆ ಅಂತ ನಿನ್ನಮ್ಮ ಹೇಳಿದಳು. ಇರಲಿ. ಓದಿ ತಿಳಿದುಕೊಳ್ಳುವುದಾದರೆ ಜಾರ್ಜ್ ಫೋರ್‌ಮನ್ ಕಥೆ ಓದು. ಗುದ್ದುಗಾರನಿಗೆ ಏನೇನಾಗಬಹುದೋ ಅಷ್ಟೂ ಆ ಒಬ್ಬನಿಗೇ ಆಗಿದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿ ಹೆವಿವೇಟ್ ಚಾಂಪಿಯನ್ ಆದ. ಮರುವರ್ಷ ಕೆನ್ ನಾರ್ಟನ್‌ನನ್ನೂ ಎರಡನೇ ರೌಂಡಿನಲ್ಲೇ ಮುಗಿಸಿದ. ಮಹಮ್ಮದ್ ಅಲಿಯ ಎದುರು ಆಫ್ರಿಕಾದ ಕಿನ್ಶಾಸಾದಲ್ಲಿ ಇಳಿಯುವ ಹೊತ್ತಿಗೆ 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಆ ಪಂದ್ಯಕ್ಕೆ ಹಿಂದಿನ ಎಂಟು ಪಂದ್ಯಗಳಲ್ಲಿ ಒಂದೂ ಎರಡನೇ ರೌಂಡನ್ನು ದಾಟಿರಲಿಲ್ಲ. ಎಲ್ಲರೂ ಹೊಗಳುವುದು ಈ ಕೊನೆಯ ಲೆಕ್ಕವನ್ನು. ನನಗೆ ಭಯ ಹುಟ್ಟಿಸುವುದೂ ಅದೇ. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ನಿಜವಾದ ಪಂದ್ಯದಲ್ಲಿ ಮೂರನೇ ರೌಂಡು ಹೇಗಿರುತ್ತೆ ಅಂತ ನೋಡಿರಲಿಲ್ಲ.

1974ರ ಅಕ್ಟೋಬರ್ 30ರಂದು ಅಲಿ ಹಗ್ಗಕ್ಕೆ ಒರಗಿ ನಿಂತ. ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದು, ಬಂದ ಗುದ್ದನ್ನೆಲ್ಲ ತೋಳಿನ ಮೇಲೆ, ಪಕ್ಕೆಯ ಮೇಲೆ ತೆಗೆದುಕೊಂಡ. ಫೋರ್‌ಮನ್ ಅಗಲವಾಗಿ, ಪೂರ್ತಿ ಬಲ ಹಾಕಿ ಬೀಸುತ್ತಲೇ ಹೋದ. ಐದನೇ ರೌಂಡು ಮುಗಿಯುವ ಹೊತ್ತಿಗೆ ಕೈ ಭಾರವಾಗಿತ್ತು, ಎಂಟನೆಯದರಲ್ಲಿ ಬಿದ್ದ. ತಾಗದ ಗುದ್ದಿಗೆ ತಾಗಿದ ಗುದ್ದಿಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತೆ, ಯಾಕೆಂದರೆ ಬೀಸಿದ ತೋಳನ್ನು ನಿಲ್ಲಿಸಿ ವಾಪಸು ತರುವ ಕೆಲಸವೂ ನಿನ್ನ ಭುಜದ್ದೇ. ಆ ರಾತ್ರಿಯ ಪಾಠ ಇಷ್ಟೇ, ಉಳಿದದ್ದು ಪತ್ರಿಕೆಯವರ ಅಲಂಕಾರ.

ಈಗ 1994ರ ನವೆಂಬರ್ 5ರ ಪಂದ್ಯ ನೋಡು. ಹತ್ತು ವರ್ಷ ಗ್ಲೌಸ್ ಮುಟ್ಟದೆ ಇದ್ದು, 1987ರಲ್ಲಿ ವಾಪಸು ಬಂದ ಅದೇ ಫೋರ್‌ಮನ್, ವಯಸ್ಸು 45, ತೂಕ ಸುಮಾರು 113 ಕೆಜಿ. ಎದುರಿಗೆ 26ರ ಹರೆಯದ, ಸೋಲದ ಮೈಕೆಲ್ ಮೂರರ್, ಎಡಗೈಯವನು. ಒಂಬತ್ತು ರೌಂಡು ಮುಗಿದಾಗ ಮೂವರು ತೀರ್ಪುಗಾರರ ಅಂಕದಲ್ಲೂ ಫೋರ್‌ಮನ್ ಹಿಂದೆ. ಆದರೂ ಅವಸರ ಇಲ್ಲ. ಜ್ಯಾಬ್, ಜ್ಯಾಬ್, ಆಗಾಗ ಒಂದು ಬಲಗೈ. ಹತ್ತನೇ ರೌಂಡಿನಲ್ಲಿ ಹೊಡೆದ ಬಲಗೈ ಗೇಣುದ್ದವೂ ಪಯಣಿಸಿರಲಿಕ್ಕಿಲ್ಲ, ನೇರ, ಮಧ್ಯದಿಂದ, ಗಲ್ಲಕ್ಕೆ. ಎಡಗೈಯವನ ಎದುರು ಬಲಗೈಯ ನೇರ ಗುದ್ದೇ ಮದ್ದು, ನಿನ್ನ ಎಡಗಾಲು ಅವನ ಬಲಗಾಲಿಗಿಂತ ಹೊರಗಡೆ ಇರಬೇಕು ಅಷ್ಟೆ. ಇಪ್ಪತ್ತೈದು ವಯಸ್ಸಿನ ಫೋರ್‌ಮನ್‌ಗಿಂತ ನಲವತ್ತೈದರವನು ನಿಧಾನ, ದಪ್ಪ. ಆದರೆ ಬಾಕ್ಸಿಂಗ್ ಗೊತ್ತಿದ್ದವನು ಆ ಎರಡನೆಯವನೇ. ಈ ಎರಡು ಪಂದ್ಯಗಳನ್ನೂ ಪೂರ್ತಿ ನೋಡು, ಕೊನೆಯ ನಾಕೌಟ್ ತುಣುಕನ್ನಷ್ಟೇ ಅಲ್ಲ.

ಇನ್ನು ಕೆಲಸದ ಮಾತು.

ಮೊದಲು ಜ್ಯಾಬ್. ಮೂರು ತಿಂಗಳು ಬ್ಯಾಗಿನ ಮೊದಲ ಎರಡು ರೌಂಡು ಎಡಗೈ ಮಾತ್ರ. ಹೋದ ದಾರಿಯಲ್ಲೇ ಗಲ್ಲದ ಪಕ್ಕಕ್ಕೆ ವಾಪಸು ಬರಬೇಕು, ಕೆಳಗೆ ಇಳಿದು ಬಂದರೆ ಆ ತೆರವಿನಲ್ಲಿ ಎದುರಾಳಿಯ ಬಲಗೈ ಬರುತ್ತೆ. ಬಲಗೈ ಹೊಡೆಯುವಾಗ ಬಲ ಹಿಂದಿನ ಪಾದದಿಂದ ಏಳಬೇಕು: ಹಿಮ್ಮಡಿ ಹೊರಕ್ಕೆ ತಿರುಗಲಿ, ಅದರ ಹಿಂದೆ ಸೊಂಟ, ಆಮೇಲೆ ಭುಜ, ಕೊನೆಗೆ ಮುಷ್ಟಿ. ಮುಷ್ಟಿ ಬಿಗಿಯಾಗಬೇಕಾದ್ದು ತಾಗುವ ಕ್ಷಣಕ್ಕೆ ಮಾತ್ರ. ನೀನು ಶುರುವಿನಿಂದಲೇ ಬಿಗಿ ಹಿಡಿಯುತ್ತೀಯ, ಅದಕ್ಕೇ ಎರಡನೇ ರೌಂಡಿಗೆ ಭುಜ ಉರಿಯೋದು. ಹೊಡೆಯುವ ಮುಂಚೆ ಕೈಯನ್ನು ಹಿಂದಕ್ಕೆ ಎಳೆಯುವ ಚಟ ಬಿಡು, ಅದು ಎದುರಾಳಿಗೆ ಮುಂಚಿತವಾಗಿ ಕಾಗದ ಬರೆದಂತೆ. ಪ್ರತಿ ಗುದ್ದಿಗೂ ಮೂಗಿನಿಂದ ಚಿಕ್ಕದಾಗಿ ಉಸಿರು ಬಿಡು. ಉಸಿರು ಕಟ್ಟಿ ಆರು ಗುದ್ದು ಹೊಡೆದವನಿಗೆ ಏಳನೆಯದನ್ನು ತಡೆಯಲು ಆಗುವುದಿಲ್ಲ.

ಬಲವಾಗಿ ಹೊಡೆಯುವವನ ಕೈ ಬೇಗ ಮುರಿಯುತ್ತೆ. ಥಾಮಸ್ ಹರ್ನ್ಸ್‌ನಂಥ ಬಲಗೈ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. 1985ರ ಏಪ್ರಿಲ್‌ನಲ್ಲಿ ಎದುರಾಳಿ ಹ್ಯಾಗ್ಲರ್‌ನ ತಲೆಗೆ ಹೊಡೆದು ಮೊದಲ ರೌಂಡಿನಲ್ಲೇ ಅದು ಮುರಿಯಿತು, ಮೂರನೆಯದರಲ್ಲಿ ಪಂದ್ಯ ಹೋಯಿತು. ತಾಗಬೇಕಾದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಬೀಸಿ ಹೊಡೆದರೆ ಕಿರುಬೆರಳಿನ ಗೆಣ್ಣು ಮೊದಲು ತಾಗುತ್ತೆ, ಅದರ ಹಿಂದಿನ ಸಣ್ಣ ಮೂಳೆ ಲಟಕ್ಕನೆ ಹೋಗುತ್ತೆ. ಗ್ಲೌಸಿನೊಳಗೆ ಕೈಗೆ ಪಟ್ಟಿ ಕಟ್ಟುವಾಗ ನಾಲ್ಕೂವರೆ ಮೀಟರಿನದ್ದನ್ನೇ ತೆಗೆದುಕೋ, ಎರಡೂವರೆ ಮೀಟರಿನದ್ದು ಮಕ್ಕಳಿಗೆ. ಬೆರಳುಗಳನ್ನು ಅಗಲಿಸಿಕೊಂಡು ಕಟ್ಟು. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಆಮೇಲೆ ಬೆರಳ ಸಂದುಗಳಲ್ಲಿ ಒಂದೊಂದಾಗಿ, ಹೆಬ್ಬೆರಳಿಗೆ ಒಂದು, ಉಳಿದದ್ದೆಲ್ಲ ಮಣಿಕಟ್ಟಿಗೆ. ಮುಷ್ಟಿ ಹಿಡಿದಾಗ ಬಿಗಿ, ಬಿಟ್ಟಾಗ ಸಡಿಲ ಅನ್ನಿಸಬೇಕು. ಬೆರಳ ತುದಿ ನೀಲಿಯಾದರೆ ಬಿಚ್ಚಿ ಮತ್ತೆ ಕಟ್ಟು.

ನಿಮ್ಮ ಶೆಡ್ಡಿನ ಬ್ಯಾಗನ್ನು ಬರೀ ಮರಳು ತುಂಬಿ ಮಾಡಿದ್ದು ಅಂತ ವಿಡಿಯೊದಲ್ಲೇ ಗೊತ್ತಾಗುತ್ತೆ. ಮರಳು ಕೆಳಗೆ ಕೂತು ತಳ ಕಲ್ಲಾಗುತ್ತೆ, ಮೇಲ್ಭಾಗ ಟೊಳ್ಳಾಗುತ್ತೆ. ಅದಕ್ಕೆ ಹೊಡೆದು ಮಣಿಕಟ್ಟು ಹಾಳು ಮಾಡಿಕೊಳ್ಳಬೇಡ. ದರ್ಜಿಯ ಅಂಗಡಿಯ ಚಿಂದಿ ಬಟ್ಟೆ ತಂದು ಪದರ ಪದರವಾಗಿ ತುಳಿದು ತುಂಬು. ತೂಕ ಸಾಲದಿದ್ದರೆ ಎರಡು ಮೂರು ಕೆಜಿಯ ಮರಳಿನ ಚೀಲ ಹೊಲಿದು ನಟ್ಟನಡುವೆ ಇಡು, ಅಂಚಿಗೆ ಬರದ ಹಾಗೆ. ನಿನ್ನ 76 ಕೆಜಿಗೆ 35ರಿಂದ 40 ಕೆಜಿಯ ಬ್ಯಾಗು ಸಾಕು. ಇನ್ನು ನಿಮ್ಮೂರಿನ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಲೌಸ್ ಒಣಗುವುದಿಲ್ಲ, ಒಳಗೆ ಬೂಷ್ಟು ಹಿಡಿಯುತ್ತೆ, ಅದರಿಂದ ಚರ್ಮಕ್ಕೆ ಹುಳುಕಡ್ಡಿ. ಮುಗಿದ ಕೂಡಲೇ ಒಳಗೆ ಹಳೇ ಪೇಪರ್ ತುರುಕು, ಅರ್ಧ ಗಂಟೆಗೆ ಬದಲಾಯಿಸು, ಫ್ಯಾನಿನ ಕೆಳಗೆ ಬಾಯಿ ಅಗಲಿಸಿ ನೇತುಹಾಕು. ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಬೇಡ, ಚರ್ಮ ಬಿರಿದು ಒಳಗಿನ ಸ್ಪಂಜು ಗಟ್ಟಿಯಾಗುತ್ತೆ. ಪಟ್ಟಿ ಮೂರು ಜೊತೆ ಇರಲಿ, ದಿನಾ ತೊಳೆ.

ಓಟಕ್ಕೆ ನಿನಗೆ ಸಿಕ್ಕಿರುವ ಜಾಗ ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೈಮರದಿಂದ ಮುಳ್ಳಯ್ಯನಗಿರಿ ಕಡೆಯ ಏರಿನಲ್ಲಿ ಮೂವತ್ತು ಸೆಕೆಂಡು ಜೋರು ಓಟ, ಇಳಿಯುವಾಗ ನಡಿಗೆ, ಎಂಟು ಸಲ. ವಾರಕ್ಕೆ ಎರಡು ದಿನ ಸಾಕು. ಇಳಿಜಾರಿನಲ್ಲಿ ಓಡಬೇಡ, ಮಂಡಿ ಹೋಗುತ್ತೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರು, ಜತೆಗೆ ಮಂಜು. ಆ ಎರಡು ದಿನ ಆ ರಸ್ತೆಯ ಸಹವಾಸವೇ ಬೇಡ, ಜಿಲ್ಲಾ ಮೈದಾನದಲ್ಲಿ ಆರು ಕಿಲೋಮೀಟರು ಸಮತಟ್ಟಾಗಿ ಓಡು.

ಸ್ಪಾರಿಂಗ್, ಅಂದರೆ ಜೊತೆಗಾರನ ಎದುರಿನ ಅಭ್ಯಾಸದ ಕಾದಾಟ, ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ, 16 ಔನ್ಸಿನ ಗ್ಲೌಸ್ ಕಡ್ಡಾಯ. ಪ್ರೊಫೆಶನಲ್ ಪಂದ್ಯದಲ್ಲಿ ನಿನ್ನ ತೂಕಕ್ಕೆ 10 ಔನ್ಸು ಅನ್ನುವುದು ಬೇರೆ ಮಾತು. ಸ್ಪಾರಿಂಗಿನಲ್ಲಿ ಬಲಗೈಯ ಬಲ ಅರ್ಧಕ್ಕೆ ಇಳಿಸು. ನಿನ್ನಂಥವರ ಜೊತೆ ಯಾರೂ ಸ್ಪಾರಿಂಗಿಗೆ ಬರುವುದಿಲ್ಲ, ಒಂದು ಸಲ ಬಂದವನು ಎರಡನೇ ಸಲ ಬರುವುದಿಲ್ಲ, ಹಾಗಾಗಿ ಗುದ್ದುಗಾರ ಕಲಿಯದೆಯೇ ಉಳಿಯುತ್ತಾನೆ. ಬೀಳದ, ನಿನಗಿಂತ ಚುರುಕಾದ ಹುಡುಗರು ಬೇಕು. ಅಂಥವರು ಸಿಗುವುದು ಬೆಂಗಳೂರಿನಲ್ಲಿ, ಇಲ್ಲವೇ ಬಳ್ಳಾರಿ ಕಡೆ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ತಲೆಗವಚ ಹಾಕಿದ್ದೇನೆ ಅನ್ನುವ ಧೈರ್ಯವೂ ಬೇಡ. ಅದು ಹುಬ್ಬು ಸೀಳದ ಹಾಗೆ ಕಾಯುತ್ತೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಪೆಟ್ಟು ತಿಂದ ದಿನ ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ ಮನೆಯಲ್ಲಿ ಮಲಗಬೇಡ, ಆ ರಾತ್ರಿಯೇ ಆಸ್ಪತ್ರೆ, ಸಿಟಿ ಸ್ಕ್ಯಾನ್. ನೋವಿಗೆ ಆಸ್ಪಿರಿನ್ ನುಂಗಬೇಡ, ಒಳಗೆ ರಕ್ತ ಒಸರುತ್ತಿದ್ದರೆ ಅದು ಹೆಚ್ಚಾಗುತ್ತೆ. ನಾಕೌಟ್ ಆದವನು ಕನಿಷ್ಠ ಒಂದು ತಿಂಗಳು ಸ್ಪಾರಿಂಗ್ ಮಾಡಕೂಡದು, ಡಾಕ್ಟರ್ ಹೆಚ್ಚು ಹೇಳಿದರೆ ಹೆಚ್ಚು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಹದಿನಾಲ್ಕನೇ ರೌಂಡಿನಲ್ಲಿ ಬಿದ್ದು ತೀರಿಕೊಂಡ ಮೇಲೆಯೇ ವಿಶ್ವ ಪಟ್ಟದ ಪಂದ್ಯಗಳು ಹದಿನೈದರಿಂದ ಹನ್ನೆರಡು ರೌಂಡಿಗೆ ಇಳಿಯತೊಡಗಿದ್ದು.

ತೂಕ. ಪ್ರೊಫೆಶನಲ್ ಮಿಡಲ್‌ವೇಟ್ ವಿಭಾಗದ ಮಿತಿ 72.57 ಕೆಜಿ. ನಿನ್ನ 76ರಿಂದ ಅಲ್ಲಿಗೆ ಇಳಿಯಲು ಏಳೆಂಟು ವಾರ ಇಟ್ಟುಕೋ, ವಾರಕ್ಕೆ ಅರ್ಧ ಕೆಜಿ. ಕೊನೆಯ ಎರಡು ದಿನ ನೀರು ಬಿಟ್ಟು ಪ್ಲಾಸ್ಟಿಕ್ ಕೋಟು ಹಾಕಿ ಬೆವರಿಳಿಸುವವರ ಮಾತು ಕೇಳಬೇಡ. ನೀರಿಲ್ಲದ ಮೈ ರೌಂಡುಗಳಿಗೆ ನಿಲ್ಲುವುದಿಲ್ಲ, ಪೆಟ್ಟನ್ನೂ ತಾಳುವುದಿಲ್ಲ. ಊಟದಲ್ಲಿ ಹೊಸದೇನೂ ಬೇಕಿಲ್ಲ. ಮುದ್ದೆ, ಹುರುಳಿಕಾಳು ಸಾರು, ದಿನಕ್ಕೆ ನಾಲ್ಕೈದು ಮೊಟ್ಟೆ, ಮೊಸರು, ಕೋಳಿ. ಕಡುಬು ಪಂದಿ ಹಬ್ಬಕ್ಕೆ ಇರಲಿ. ಕಾಫಿ ಬಿಡು ಅಂತ ಚಿಕ್ಕಮಗಳೂರಿನವನಿಗೆ ಹೇಳುವ ಧೈರ್ಯ ನನಗಿಲ್ಲ, ಸಕ್ಕರೆ ಬಿಡು.

ಪ್ರೊಫೆಶನಲ್ ಆಗುವ ಅವಸರ ಯಾಕೆ ಬೇಡ ಅಂದರೆ, ಅಮೆಚೂರ್‌ನಲ್ಲಿ ಮೂರು ಮೂರು ನಿಮಿಷದ ಮೂರು ರೌಂಡು, ಎದುರಾಳಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಎಡಗೈಯವನು, ಎತ್ತರದವನು, ಓಡುವವನು, ಎಲ್ಲರೂ ಸಿಗುತ್ತಾರೆ. ಪ್ರೊಫೆಶನಲ್‌ನಲ್ಲಿ ಎದುರಾಳಿಯನ್ನು ಆರಿಸುವವನು ಪ್ರಮೋಟರ್. ದಾಖಲೆ ಚಂದ ಕಾಣಲಿ ಅಂತ ಬೀಳುವವರನ್ನೇ ತಂದು ನಿಲ್ಲಿಸುತ್ತಾನೆ, ಹತ್ತು ನಾಕೌಟ್ ಆಗುತ್ತೆ, ನೀನು ಹತ್ತು ಪಂದ್ಯದಲ್ಲೂ ಏನೂ ಕಲಿತಿರುವುದಿಲ್ಲ. ವಿಜೇಂದರ್ ಸಿಂಗ್ 2008ರ ಬೀಜಿಂಗ್ ಕಂಚಿನ ಪದಕ ಗೆದ್ದು, ಏಳು ವರ್ಷ ಬಿಟ್ಟು, 2015ರಲ್ಲಿ ಪ್ರೊಫೆಶನಲ್ ಆದದ್ದು. ಅಷ್ಟು ಅನುಭವ ಇದ್ದೂ ಹನ್ನೆರಡು ಗೆಲುವಿನ ನಂತರ 2021ರಲ್ಲಿ ಗೋವಾದಲ್ಲಿ ಲೋಪ್ಸಾನ್ ಎದುರು ಐದನೇ ರೌಂಡಿನಲ್ಲಿ ಸೋತರು. ಎರ್ನಿ ಶೇವರ್ಸ್ ಅಂತ ಒಬ್ಬನಿದ್ದ, 74 ಗೆಲುವಿನಲ್ಲಿ 68 ನಾಕೌಟ್. ಅಲಿ 15 ರೌಂಡು ನಿಂತು ಅವನನ್ನು ಅಂಕದಲ್ಲಿ ಸೋಲಿಸಿದ. ಲ್ಯಾರಿ ಹೋಮ್ಸ್ ಅವನ ಬಲಗೈಗೆ ಏಳನೇ ರೌಂಡಿನಲ್ಲಿ ಬಿದ್ದು, ಎದ್ದು, ಹನ್ನೊಂದನೆಯದರಲ್ಲಿ ಗೆದ್ದ. ಶೇವರ್ಸ್‌ಗೆ ವಿಶ್ವ ಪಟ್ಟ ಬರಲೇ ಇಲ್ಲ. ನಿನಗೆ ಇನ್ನೂ ಇಪ್ಪತ್ತು ತುಂಬಿಲ್ಲ, ರಾಜ್ಯಮಟ್ಟದಲ್ಲಿ ಎರಡು ವರ್ಷ ಆಡು.

ದುಡ್ಡಿನ ವಿಷಯ ನಿನ್ನಪ್ಪ ಕೇಳಿದ್ದ. ಮೊದಲ ವರ್ಷಗಳಲ್ಲಿ ದುಡ್ಡು ಬರುವುದಿಲ್ಲ, ಹೋಗುತ್ತೆ. ಅದಕ್ಕೇ ಪದವಿ ಬಿಡಬೇಡ. ಫೋರ್‌ಮನ್ ರಿಂಗಿನಲ್ಲಿ ಗಳಿಸಿದ್ದರ ಬಹುಪಾಲು ಕರಗಿಹೋಗಿತ್ತು, 1987ರಲ್ಲಿ ವಾಪಸು ಬಂದದ್ದಕ್ಕೆ ಹ್ಯೂಸ್ಟನ್‌ನಲ್ಲಿ ಅವನು ನಡೆಸುತ್ತಿದ್ದ ಯುವಕರ ಕೇಂದ್ರಕ್ಕೆ ಹಣ ಬೇಕಿದ್ದುದೂ ಒಂದು ಕಾರಣ. ಅವನನ್ನು ನಿಜವಾಗಿ ಶ್ರೀಮಂತ ಮಾಡಿದ್ದು ಮಾಂಸ ಸುಡುವ ಒಂದು ವಿದ್ಯುತ್ ಒಲೆ. 1999ರಲ್ಲಿ ಅದಕ್ಕೆ ತನ್ನ ಹೆಸರು ಬಳಸುವ ಹಕ್ಕು ಮಾರಿದ್ದಕ್ಕೇ 13.75 ಕೋಟಿ ಡಾಲರ್ ಬಂತು.

ಯಾರಾದರೂ ಒಪ್ಪಂದದ ಕಾಗದ ತಂದರೆ ಐದು ಸಾಲು ಹುಡುಕು. ಮ್ಯಾನೇಜರ್ ಪಾಲು ಎಷ್ಟು, ಮೂರನೇ ಒಂದು ಭಾಗ ಮೀರಿದರೆ ಎದ್ದು ಬಾ. ಆ ಪಾಲು ಖರ್ಚು ಕಳೆದ ಮೇಲೋ, ಮುಂಚೆಯೋ. ಕೋಚ್‌ನ ಶೇಕಡ ಹತ್ತು ಯಾರ ಪಾಲಿನಿಂದ. ಗಾಯವಾದರೆ ಆಸ್ಪತ್ರೆಯ ಬಿಲ್ಲು ಯಾರದ್ದು, ವಿಮೆ ಯಾರ ಹೆಸರಿನಲ್ಲಿ. ಅವಧಿ ಎಷ್ಟು, ಗೆದ್ದರೆ ತಾನಾಗಿ ಮುಂದುವರಿಯುತ್ತೆ ಅನ್ನುವ ಸಾಲು ಇದೆಯೋ. ಮ್ಯಾನೇಜರ್ ಮತ್ತು ಪ್ರಮೋಟರ್ ಒಬ್ಬನೇ ಆಗಿದ್ದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ, ನಿನ್ನ ಪರವಾಗಿ ಚೌಕಾಸಿ ಮಾಡಬೇಕಾದವನೇ ಎದುರು ಕೂತಿರುತ್ತಾನೆ.

ಕಾಗದವನ್ನು ಸಹಿ ಹಾಕುವ ಮುಂಚೆ ಫೋಟೊ ತೆಗೆದು ನನಗೆ ಕಳಿಸು, ಇಲ್ಲಿ ಕೋರ್ಟಿನ ಹತ್ತಿರದ ಪರಿಚಯದ ವಕೀಲರಿಗೆ ತೋರಿಸುತ್ತೇನೆ. ಮುಂದಿನ ವಿಡಿಯೊ ಕಳಿಸುವಾಗ ನಾಕೌಟ್ ಬೇಡ, ಸ್ಪಾರಿಂಗಿನ ಮೂರನೇ ರೌಂಡು ಪೂರ್ತಿ ಕಳಿಸು, ಪಾದ ಕಾಣುವ ಹಾಗೆ ಫೋನು ದೂರ ಇಡಿಸು.

ಅಕ್ಕ, ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ